ಜೇಬಿನ ಚಾಕು, ಉಕ್ಕಿನ ಲೆಕ್ಕ

"ಮೂರು ಸಾವಿರದ ಒಳಗೆ ಒಳ್ಳೆ ಸ್ಟೀಲ್ ಇರೋ ಮಡಚೋ ಚಾಕು ಯಾವುದು?" ಸಂಘದ ಗೆಳೆಯರ ನಡುವೆ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರು ಎರಡು ಥರ ಇದ್ದಾರೆ. ಭಾನುವಾರ ಸ್ಕಂದಗಿರಿ ಹತ್ತೋರು, ಪ್ರಾಜೆಕ್ಟ್ ಲ್ಯಾಬಿನಲ್ಲಿ ವೈರ್ ಸುಲಿಯೋರು, ಹಾಸ್ಟೆಲಿನಲ್ಲಿ ಸೀಬೆಹಣ್ಣು ಕುಯ್ದು ಉಪ್ಪುಖಾರ ಹಚ್ಚೋರು ಒಂದು ಕಡೆ. ಊರಲ್ಲಿ ತೋಟ ಇರೋರು ಇನ್ನೊಂದು ಕಡೆ. ಶಿಡ್ಲಘಟ್ಟದ ಸುತ್ತ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಮತ್ತು ಗುಲಾಬಿ, ಚಿಂತಾಮಣಿ ಕಡೆ ಮಾವು. ರಜೆಗೆ ಊರಿಗೆ ಹೋದಾಗ ಅಪ್ಪನಿಗೋ ಮಾವನಿಗೋ ಒಂದು ಒಳ್ಳೆ ಚಾಕು ಒಯ್ಯಬೇಕು ಅಂತ ಇವರಿಗೆ ಆಸೆ.

ಎರಡನೆಯವರ ಪ್ರಶ್ನೆಯಲ್ಲಿ ನಿಜವಾದ ನಷ್ಟದ ಮಾತಿದೆ. ಕಸಿ ಕಟ್ಟುವಾಗ ಬೇರುಗಿಡದ ಸೀಳು, ಕಸಿಕಡ್ಡಿಯ ಬೆಣೆ ಎರಡೂ ಒಂದೇ ಎಳೆತಕ್ಕೆ ನುಣ್ಣಗೆ ಕುಯ್ದು ಬರಬೇಕು. ತೊಗಟೆಯ ಒಳಗಿನ ಹಸಿರು ಪದರ ಒಂದಕ್ಕೊಂದು ಕೂತರೆ ಮಾತ್ರ ಕಸಿ ಹಿಡಿಯುತ್ತೆ. ಮೊಂಡು ಚಾಕು ಆ ಪದರವನ್ನು ಜಜ್ಜುತ್ತೆ, ಮಧ್ಯೆ ಗಾಳಿ ಉಳಿಯುತ್ತೆ, ಕಡ್ಡಿ ಒಣಗುತ್ತೆ. ಹಾಸ್ಟೆಲಿನ ಸೀಬೆಹಣ್ಣು ಮೊಂಡು ಚಾಕುವನ್ನು ಕ್ಷಮಿಸುತ್ತೆ, ಕಸಿಕಡ್ಡಿ ಕ್ಷಮಿಸಲ್ಲ.

ಹಾಗಾಗಿ ಈ ಸಲ ಚಾಕುವನ್ನು ನಮ್ಮ ಮೆಟೀರಿಯಲ್ ಸೈನ್ಸ್ ಪಾಠದ ಹಾಗೆ ಓದೋಣ. ನಾವು ಹೇಳಬೇಕಾದ್ದು ಇಷ್ಟು: ಆನ್‌ಲೈನ್ ಅಂಗಡಿಗಳು ಉಕ್ಕಿನ ಹೆಸರನ್ನು ಮಾರುತ್ತವೆ, ಆದರೆ ಕುಯ್ಯುವುದು ಹೆಸರಲ್ಲ. ಆ ಉಕ್ಕಿಗೆ ಕೊಟ್ಟ ಹದ, ಅಲಗಿನ ದಪ್ಪ, ಮತ್ತು ನಿಮ್ಮ ಕೈಯಲ್ಲಿರುವ ಸಾಣೆಕಲ್ಲು, ಈ ಮೂರೂ ಸೇರಿ ಕುಯ್ಯುತ್ತವೆ. ಬಜೆಟ್ ಕಡಿಮೆ ಇದ್ದಷ್ಟೂ ಈ ಮಾತು ಹೆಚ್ಚು ನಿಜ.

ಹೆಸರಿನ ಹಿಂದೆ ಏನಿದೆ

ಚಾಕುವಿನ ಉಕ್ಕಿನಿಂದ ನಮಗೆ ಬೇಕಾದ್ದು ಮೂರು ಗುಣ. ಬಾಯಿ ಬೇಗ ಹೋಗಬಾರದು, ಬಾಯಿ ಮುರಿದು ಕಚ್ಚು ಬೀಳಬಾರದು, ತುಕ್ಕು ಹಿಡಿಯಬಾರದು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಸಾಮಾನ್ಯವಾಗಿ ಕಡಿಮೆ ಆಗುತ್ತೆ. ಮೂರೂ ಪೂರ್ತಿ ಇರುವ ಉಕ್ಕು ಅಗ್ಗಕ್ಕೆ ಸಿಗಲ್ಲ, ದುಬಾರಿಗೂ ಪೂರ್ತಿ ಸಿಗಲ್ಲ.

ಸಿವಿಲ್ ವಿಭಾಗದ ಗೆಳೆಯರಿಗೆ ಅರ್ಥ ಆಗುವ ಹಾಗೆ ಹೇಳೋದಾದರೆ, ಹದ ಕೊಟ್ಟ ಉಕ್ಕು ಕಾಂಕ್ರೀಟ್ ಇದ್ದ ಹಾಗೆ. ಸಿಮೆಂಟಿನ ಜಾಗದಲ್ಲಿ ಮಾರ್ಟೆನ್ಸೈಟ್, ಜಲ್ಲಿಯ ಜಾಗದಲ್ಲಿ ಕಾರ್ಬೈಡ್ ಕಣಗಳು. ಇಂಗಾಲ ಹೋಗಿ ಕ್ರೋಮಿಯಂ ಜತೆಗೋ ವನೇಡಿಯಂ ಜತೆಗೋ ಕೂಡಿಕೊಂಡರೆ ಈ ಕಣಗಳು ಹುಟ್ಟುತ್ತವೆ. ಜಲ್ಲಿ ಹೆಚ್ಚಿದ್ದರೆ ಸವೆತ ತಡೆಯುತ್ತೆ. ಆದರೆ ಜಲ್ಲಿ ದಪ್ಪ ಇದ್ದರೆ? ನಮ್ಮ ಜಿಲ್ಲೆಯ ಕ್ರಷರ್‌ಗಳಲ್ಲಿ ಸಿಗುವ 40 ಮಿ.ಮೀ. ಜಲ್ಲಿ ಹಾಕಿ ತೆಳ್ಳಗಿನ ಸ್ಲ್ಯಾಬಿನ ಅಂಚು ಚೂಪಾಗಿ ತೆಗೆಯೋಕೆ ಹೋಗಿ, ಅಂಚಿನಿಂದ ಜಲ್ಲಿ ಕಿತ್ತು ಬರುತ್ತೆ. ಚಾಕುವಿನ ಬಾಯಲ್ಲೂ ಅದೇ ಆಗೋದು.

ಇಲ್ಲಿ ಡಿ2 ಉಕ್ಕಿನ ಕಥೆ ಬರುತ್ತೆ. ಕಡಿಮೆ ಬೆಲೆಯ ಮಡಚೋ ಚಾಕುಗಳ ಮೇಲೆ "ಪ್ರೀಮಿಯಂ ಡಿ2" ಅಂತ ಕೊರೆದಿರುವುದನ್ನು ನೀವೂ ನೋಡಿರುತ್ತೀರಿ. ನಿಜ ಹೇಳಬೇಕು ಅಂದರೆ ಡಿ2 ನಮಗೆ ಅಪರಿಚಿತ ಅಲ್ಲ. ಪೀಣ್ಯದ ಟೂಲ್‌ರೂಮಿನಲ್ಲಿ ಇಂಟರ್ನ್‌ಶಿಪ್ ಮಾಡಿದವರಿಗೆ ಇದು ಎಚ್‌ಸಿಎಚ್‌ಸಿಆರ್ ಹೆಸರಿನಲ್ಲಿ ಗೊತ್ತು. ಪ್ರೆಸ್‌ಗೆ ಡೈ, ಪಂಚ್ ಮಾಡುವ ಅದೇ ಉಕ್ಕು. ಇಂಗಾಲ ಸುಮಾರು ಶೇ. 1.5, ಕ್ರೋಮಿಯಂ ಸುಮಾರು ಶೇ. 12. ಸವೆತಕ್ಕೆ ಚೆನ್ನಾಗಿ ತಡೆಯುತ್ತೆ, ಬೆಲೆಯೂ ಹದವಾಗಿದೆ, ಆದರೆ ಜಲ್ಲಿ ದಪ್ಪ.

ಇನ್ನೊಂದು ಕೇಳ್ತಾರೆ: "ಸ್ಟೇನ್‌ಲೆಸ್ ಅನ್ನಿಸಿಕೊಳ್ಳೋಕೆ ಶೇ. 10.5 ಕ್ರೋಮಿಯಂ ಸಾಕು ಅಂತ ಪಾಠದಲ್ಲಿದೆ, ಡಿ2ನಲ್ಲಿ 12 ಇದೆ, ಮತ್ತೆ ಯಾಕೆ ತುಕ್ಕು?" ಒಳ್ಳೆ ಪ್ರಶ್ನೆ. ಆ ಕ್ರೋಮಿಯಂನಲ್ಲಿ ದೊಡ್ಡ ಪಾಲು ಇಂಗಾಲದ ಜತೆ ಸೇರಿ ಕಾರ್ಬೈಡ್ ಆಗಿ ಕೂತುಬಿಟ್ಟಿದೆ. ಮೇಲ್ಮೈಗೆ ಕಾವಲು ಪದರ ಕಟ್ಟೋದು ಬಿಡಿಯಾಗಿ ಕರಗಿ ಉಳಿದ ಕ್ರೋಮಿಯಂ ಮಾತ್ರ, ಅದು ಸಾಲದು. ಡಿ2 ಚಾಕುವಿನಲ್ಲಿ ಮಾವಿನಕಾಯಿ ಕುಯ್ದು ಒರೆಸದೆ ಮಡಚಿಟ್ಟರೆ ಬೆಳಗ್ಗೆಗೆ ಕಂದು ಕಲೆ ಗ್ಯಾರಂಟಿ. ನಂದಿ ಬೆಟ್ಟದ ಮಂಜಿನಲ್ಲಿ ಬ್ಯಾಗಿನ ಹೊರಜೇಬಿನಲ್ಲಿ ಇಟ್ಟರೂ ಅಷ್ಟೇ.

ನಮ್ಮ ಬಜೆಟ್ಟಿಗೆ ಹತ್ತಿರದ ಇನ್ನೊಂದು ಉಕ್ಕು 14ಸಿ28ಎನ್. ಸ್ವೀಡನ್ನಿನ ಸ್ಯಾಂಡ್‌ವಿಕ್ ಮಾಡಿದ್ದು, ಈಗ ಆ ವಿಭಾಗ ಅಲೈಮಾ ಹೆಸರಿನಲ್ಲಿದೆ. ಇಂಗಾಲ ಶೇ. 0.62, ಕ್ರೋಮಿಯಂ ಶೇ. 14, ಸಾರಜನಕ ಶೇ. 0.11. ಇಂಗಾಲ ಕಡಿಮೆ ಇಟ್ಟು, ಗಡಸುತನದ ಒಂದು ಪಾಲನ್ನು ಸಾರಜನಕದಿಂದ ಪಡೆಯುವ ಜಾಣತನ ಇದರಲ್ಲಿದೆ. ಜಲ್ಲಿ ಕಡಿಮೆ, ಅದೂ ತುಂಬಾ ಸಣ್ಣದು. ಹಾಗಾಗಿ ಕ್ರೋಮಿಯಂ ಬಿಡಿಯಾಗಿ ಉಳಿದು ತುಕ್ಕು ತಡೆಯುತ್ತೆ, ಬಾಯಿಯನ್ನು ತೆಳ್ಳಗೆ ತೆಗೆದರೂ ಕಚ್ಚು ಬೀಳಲ್ಲ. ಡಿ2ನಷ್ಟು ದಿನ ಹರಿತ ನಿಲ್ಲಲ್ಲ, ನಿಜ. ಆದರೆ ಸಾಣೆ ಹಿಡಿಯೋದು ಐದು ನಿಮಿಷದ ಕೆಲಸ. ರೂಯಿಕೆ ಥರದ ಚೀನೀ ಕಂಪನಿಗಳು ಈ ಉಕ್ಕಿನಲ್ಲಿ ಕಡಿಮೆ ಬೆಲೆಯ ಮಡಚೋ ಚಾಕು ಮಾಡುತ್ತವೆ. ಹಾಸ್ಟೆಲ್ಲು, ಬೆಟ್ಟ, ಲ್ಯಾಬು, ತೋಟ ನಾಲ್ಕಕ್ಕೂ ಒಂದೇ ಚಾಕು ಅಂದರೆ ನಮ್ಮ ಓಟು ಇದಕ್ಕೆ.

ಇನ್ನು ನಿಜವಾದ ದುಬಾರಿ ಉಕ್ಕುಗಳು. ಎಸ್30ವಿ 2001ರಲ್ಲಿ ಅಮೆರಿಕದ ಕ್ರೂಸಿಬಲ್ ಕಂಪನಿಯಿಂದ ಬಂತು, ಮ್ಯಾಗ್ನಾಕಟ್ 2021ರಲ್ಲಿ ಬಂತು. ಎರಡೂ ಪುಡಿ ಲೋಹ ವಿಧಾನದವು. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಸಣ್ಣ ಹನಿಗಳಾಗಿ ಸಿಡಿಸುತ್ತಾರೆ. ಹನಿ ಕ್ಷಣದಲ್ಲಿ ಗಟ್ಟಿ ಆಗೋದರಿಂದ ಒಳಗಿನ ಜಲ್ಲಿ ದೊಡ್ಡದಾಗೋಕೆ ಸಮಯವೇ ಸಿಗಲ್ಲ. ಆಮೇಲೆ ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ತುಂಡು ಮಾಡುತ್ತಾರೆ. ಎರಡರಲ್ಲೂ ವನೇಡಿಯಂ ಸುಮಾರು ಶೇ. 4.

ಕೇಳೋಕೆ ಚೆಂದ. ಆದರೆ ವನೇಡಿಯಂ ಕಾರ್ಬೈಡಿನ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 2,800. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಾಣೆಕಲ್ಲು ಅಲ್ಯುಮಿನಿಯಂ ಆಕ್ಸೈಡಿನದು, ಅದರ ಗಡಸುತನ ಸುಮಾರು 2,100. ಕಲ್ಲಿಗಿಂತ ಕಣವೇ ಗಟ್ಟಿ! ಉಕ್ಕು ಸವೆಯುತ್ತೆ, ಕಣ ಸವೆಯಲ್ಲ. ಬಾಯಿಗೆ ಪೂರ್ತಿ ಹರಿತ ಬರಬೇಕು ಅಂದರೆ ವಜ್ರದ ಪುಡಿ ಕೂರಿಸಿದ ಪ್ಲೇಟ್ ಬೇಕು. ಸಾಲ ಸೋಲ ಮಾಡಿ ಎಸ್30ವಿ ತಗೊಂಡು, ಸಾಣೆಗೆ ಮಾತ್ರ ಅಡುಗೆಮನೆಯ ಕಲ್ಲನ್ನೇ ನಂಬಿದವರ ಕೈಯಲ್ಲಿ ಮೂರು ತಿಂಗಳ ಮೇಲೆ ಇರೋದು ದುಬಾರಿ ಮೊಂಡು ಚಾಕು.

ಹದ ಅನ್ನೋ ಮಾತು

ಕುಲುಮೆಯವರ ಬಾಯಲ್ಲಿ "ಹದ" ಅನ್ನೋ ಒಂದೇ ಪದ ನಮ್ಮ ಪಠ್ಯದ ಅರ್ಧ ಅಧ್ಯಾಯ. ಕೆಂಪಗೆ ಕಾಯಿಸಿ, ಅದ್ದಿ, ಮತ್ತೆ ಸ್ವಲ್ಪ ಕಾಯಿಸಿ ಪೆಡಸು ತೆಗೆಯೋದು. ನಮ್ಮ ಊರುಗಳಲ್ಲಿ ಕುಡುಗೋಲು, ಮಚ್ಚುಗಳನ್ನು ಹೆಚ್ಚಾಗಿ ಲಾರಿಯ ಕಮಾನು ಪಟ್ಟಿಯಿಂದಲೇ ತಟ್ಟುತ್ತಾರೆ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6. ಯಾವ ಜಾಹೀರಾತೂ ಇಲ್ಲದ ಉಕ್ಕು. ಆದರೆ ಹದ ತಿಳಿದ ಕೈಯಲ್ಲಿ ತಯಾರಾದ ಕುಡುಗೋಲು ವರ್ಷಗಟ್ಟಲೆ ರಾಗಿ ಕೊಯ್ಯುತ್ತೆ. ಅದೇ ಉಕ್ಕು ಹದ ತಪ್ಪಿದರೆ ಒಂದೋ ಬಾಯಿ ಮಡಚಿಕೊಳ್ಳುತ್ತೆ, ಇಲ್ಲ ಕಲ್ಲು ತಾಗಿದ ಕೂಡಲೇ ಚಕ್ಕೆ ಏಳುತ್ತೆ. ಹೆಸರಾಂತ ಉಕ್ಕಿಗೂ ಇದೇ ನಿಯಮ. ಡಿ2ವನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸ್ಸಿಗೆ ಸರಿಯಾಗಿ ಕಾಯಿಸದೆ, ಖರ್ಚು ಉಳಿಸಿ ಮಾಡಿದ ಚಾಕುವಿನ ಮೇಲೂ "ಡಿ2" ಅಂತಲೇ ಕೊರೆದಿರುತ್ತೆ. ಕೊರೆದದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಹಾಗಾದರೆ ತಿಳಿಯೋದು ಹೇಗೆ? ಕೊಳ್ಳುವ ಮುಂಚೆ ಆದರೆ, ಕಂಪನಿ ರಾಕ್‌ವೆಲ್ ಗಡಸುತನವನ್ನು ಹೇಳಿದೆಯಾ ನೋಡಿ. 14ಸಿ28ಎನ್‌ಗೆ 58ರಿಂದ 60, ಡಿ2ಗೆ 59ರಿಂದ 61 ಅಂದರೆ ಒಪ್ಪಬಹುದು. ವಿಕ್ಟೋರಿನಾಕ್ಸ್ ತನ್ನ ಜೇಬುಚಾಕುಗಳಿಗೆ 56 ಅಂತ ಹೇಳುತ್ತೆ. ಸಂಖ್ಯೆಯೇ ಇಲ್ಲದ ಕಡೆ ಅನುಮಾನ ಇರಲಿ.

ಕೊಂಡ ಮೇಲೆ ಆದರೆ, ನಮ್ಮ ಹತ್ತಿರ ಬೇರೆಯವರಿಗೆ ಇಲ್ಲದ ಅನುಕೂಲ ಒಂದಿದೆ. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನ ಮೂಲೆಯಲ್ಲಿ ರಾಕ್‌ವೆಲ್ ಯಂತ್ರ ಕೂತಿದೆ. ಲ್ಯಾಬ್ ಸರ್ ಹತ್ತಿರ ಅನುಮತಿ ಕೇಳಿ, ಸಿ ಸ್ಕೇಲಿನಲ್ಲಿ, ವಜ್ರದ ಕೋನ್ ಹಾಕಿ, 150 ಕೆ.ಜಿ. ಭಾರದಲ್ಲಿ ನೋಡಿ. ಅಲಗು ತೆಳ್ಳಗಿದೆ, ಆಗುತ್ತಾ ಅನ್ನೋ ಸಂಶಯ ಬೇಡ, ಲೆಕ್ಕ ಹಾಕೋಣ. ಸೂತ್ರದ ಪ್ರಕಾರ ಗಡಸುತನ ಅಂದರೆ 100ರಿಂದ ಗುಳಿಯ ಆಳವನ್ನು 0.002 ಮಿ.ಮೀ.ಗಳ ಲೆಕ್ಕದಲ್ಲಿ ಕಳೆದದ್ದು. 60 ಬಂದರೆ ಆಳ 40 × 0.002, ಅಂದರೆ 0.08 ಮಿ.ಮೀ. ತುಂಡು ಅದರ ಹತ್ತರಷ್ಟು ದಪ್ಪ ಇರಬೇಕು ಅನ್ನೋದು ನಿಯಮ, ಅಂದರೆ 0.8 ಮಿ.ಮೀ. ಹಿಡಿಯ ಹತ್ತಿರ, ಬಾಯಿ ತೆಗೆಯದೆ ಬಿಟ್ಟಿರುವ ಚಪ್ಪಟೆ ಜಾಗದಲ್ಲಿ 2 ಮಿ.ಮೀ.ಗಿಂತ ಹೆಚ್ಚೇ ಇರುತ್ತೆ. ಅಲ್ಲೇ ನೋಡಬೇಕು. ಇಳಿಜಾರು ಮುಖದ ಮೇಲೆ ಒತ್ತಿದರೆ ಅಲಗು ಜಾರಿ ತಪ್ಪು ಸಂಖ್ಯೆ ಬರುತ್ತೆ. ಚಾಕುವನ್ನು ಬಿಚ್ಚಿ ಅಲಗನ್ನು ಮಾತ್ರ ಇಡಬೇಕು, ಒಂದು ಸಣ್ಣ ಚುಕ್ಕೆ ಗುರುತು ಉಳಿಯುತ್ತೆ, ವಾರಂಟಿಯೂ ಹೋಗಬಹುದು. ಇಷ್ಟಕ್ಕೆ ಒಪ್ಪುವವರು ಮಾತ್ರ ಮಾಡಿ.

ಹದದ ಬಗ್ಗೆ ಇನ್ನೊಂದು ಎಚ್ಚರ. ಸಂತೆಯಲ್ಲಿ ಸಾಣೆ ಹಿಡಿಯೋರ ಚಕ್ರಕ್ಕೆ ಅಥವಾ ವರ್ಕ್‌ಶಾಪಿನ ಬೆಂಚ್ ಗ್ರೈಂಡರಿಗೆ ಒಳ್ಳೆ ಚಾಕು ಕೊಡಬೇಡಿ. ಕಿಡಿ ಹಾರುವಾಗ ಬಾಯಿಯ ತೆಳುವಾದ ಅಂಚು ಎಷ್ಟು ಕಾಯುತ್ತೆ ಅಂತ ಕೈಗೆ ಗೊತ್ತಾಗಲ್ಲ. ಸಾದಾ ಉಕ್ಕಿನಲ್ಲಿ ನೀಲಿ ಬಣ್ಣ ಕಂಡಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಅರ್ಥ. ಸ್ಟೇನ್‌ಲೆಸ್‌ನಲ್ಲಿ ಬಣ್ಣ ಕಾಣೋದು ಇನ್ನೂ ಹೆಚ್ಚು ಬಿಸಿಯಲ್ಲಿ. ಕಾರ್ಖಾನೆಯಲ್ಲಿ 200 ಡಿಗ್ರಿ ಆಸುಪಾಸಿನಲ್ಲಿ ಹದ ಮುಗಿಸಿದ ಬಾಯಿ ಅಷ್ಟರಲ್ಲಿ ಮೆತ್ತಗಾಗಿರುತ್ತೆ. ಕುಡುಗೋಲಿಗೆ ಅದು ನಡೆಯುತ್ತೆ, ನಮ್ಮ ಚಾಕುವಿಗೆ ಬೇಡ.

ದಪ್ಪ ಅಲಗಿನ ಮೋಹ

ಫೋಟೋದಲ್ಲಿ 4 ಮಿ.ಮೀ. ದಪ್ಪದ ಅಲಗು ಗಟ್ಟಿಮುಟ್ಟಾಗಿ ಕಾಣುತ್ತೆ. ಅದರಲ್ಲಿ ಒಂದು ಸೇಬು ಕುಯ್ದು ನೋಡಿ. ಅರ್ಧ ಇಳಿದ ಮೇಲೆ ಚಾಕು ಕುಯ್ಯಲ್ಲ, ಬೆಣೆ ಥರ ಸೀಳುತ್ತೆ, ಸೇಬು ಪಟ್ ಅಂತ ಎರಡಾಗುತ್ತೆ. ಬಾಯಿಯ ಹಿಂದೆಯೇ ಅಲಗು ಎಷ್ಟು ತೆಳ್ಳಗಿದೆ ಅನ್ನೋದು ಕುಯ್ಯುವ ಗುಣಕ್ಕೆ ಉಕ್ಕಿನ ಹೆಸರಿಗಿಂತ ದೊಡ್ಡದು. ಅರ್ಧ ಮಿ.ಮೀ. ಒಳಗಿದ್ದರೆ ಚೆಂದ. ಲ್ಯಾಬಿನ ವರ್ನಿಯರ್ ಇದಕ್ಕೂ ಆಗುತ್ತೆ.

ಫ್ರಾನ್ಸಿನ ಓಪಿನೆಲ್ ಚಾಕು ಇದಕ್ಕೆ ಒಳ್ಳೆ ಉದಾಹರಣೆ. 1890ರಲ್ಲಿ ಜೋಸೆಫ್ ಓಪಿನೆಲ್ ತನ್ನ ಹಳ್ಳಿಗಾಡಿನ ಜನಕ್ಕೆ ಅಂತ ಮಾಡಿದ್ದು. ಮರದ ಹಿಡಿ, ತೆಳ್ಳಗಿನ ಅಲಗು, ತಿರುಗಿಸಿ ಬಿಗಿ ಮಾಡುವ ಒಂದು ಉಂಗುರ, ಅಷ್ಟೇ. 8ನೇ ನಂಬರಿನ ಅಲಗು 8.5 ಸೆಂ.ಮೀ. ಉಕ್ಕಿನ ಪಟ್ಟಿಯಲ್ಲಿ ಇದಕ್ಕೆ ಮೇಲಿನ ಸ್ಥಾನ ಯಾರೂ ಕೊಡಲ್ಲ. ಕುಯ್ಯೋದರಲ್ಲಿ ಮಾತ್ರ ದುಪ್ಪಟ್ಟು ಬೆಲೆಯ ದಪ್ಪ ಚಾಕುಗಳನ್ನು ನಾಚಿಸುತ್ತೆ. ಮರದ ಹಿಡಿ ಮಳೆಯಲ್ಲಿ ಊದಿ ಬಿಗಿಯುತ್ತೆ ಅನ್ನೋದು ಒಂದು ತೊಂದರೆ.

ಕಸಿ ಕೆಲಸಕ್ಕೆ ಒಯ್ಯೋರು ಒಂದು ಬೇರೆ ವಿಷಯ ಗಮನಿಸಿ. ಕಸಿ ಚಾಕುವಿನ ಬಾಯಿ ನೇರ ಇರುತ್ತೆ, ಇಳಿಜಾರು ಒಂದೇ ಕಡೆ, ಇನ್ನೊಂದು ಮುಖ ಚಪ್ಪಟೆ. ಉಳಿಯ ಹಾಗೆ. ಆ ಚಪ್ಪಟೆ ಮುಖವೇ ಕಡ್ಡಿಯ ಬೆಣೆಯನ್ನು ಸಮತಟ್ಟಾಗಿ ತೆಗೆಯೋದು. ಎರಡೂ ಕಡೆ ಇಳಿಜಾರಿರುವ ಮಾಮೂಲಿ ಜೇಬುಚಾಕು ಎಷ್ಟೇ ದುಬಾರಿ ಆದರೂ ಅಲೆ ಅಲೆಯಾಗಿ ಕುಯ್ಯುತ್ತೆ. ಬಲಗೈಯವರಿಗೆ, ಎಡಗೈಯವರಿಗೆ ಬೇರೆ ಬೇರೆ ಬೇಕು, ಕೊಳ್ಳುವಾಗ ಹೇಳಿ ಕೇಳಿ. ಅಪ್ಪನಿಗೆ ಉಡುಗೊರೆ ಅಂತಿದ್ದರೆ ಎಸ್30ವಿ ಕನಸು ಬಿಟ್ಟು ಒಂದು ಸಾದಾ ಕಸಿ ಚಾಕು, ಜತೆಗೆ ಒಂದು ಒಳ್ಳೆ ಕಲ್ಲು ಕೊಡಿ.

ಡಮಾಸ್ಕಸ್ ಅನ್ನೋ ಬಲೆ

ಅಲೆ ಅಲೆ ಗೆರೆ ಇರುವ "ಡಮಾಸ್ಕಸ್" ಚಾಕು ಎಂಟುನೂರು ರೂಪಾಯಿಗೆ ಕಂಡರೆ ಪರ್ಸ್ ಒಳಗಿಡಿ. ಆ ಬೆಲೆಗೆ ಸಿಗೋದು ಹೆಚ್ಚಾಗಿ ಸಾದಾ ಸ್ಟೇನ್‌ಲೆಸ್ ಮೇಲೆ ಲೇಸರಿನಲ್ಲೋ ಆಸಿಡ್‌ನಲ್ಲೋ ಮೂಡಿಸಿದ ಚಿತ್ರ. ನಮ್ಮ ಹಾಸ್ಟೆಲಿನ ಒಬ್ಬರ ಚಾಕುವನ್ನು 400 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ ನೋಡಿದೆವು, ಹತ್ತು ಉಜ್ಜಿಗೆ ಡಮಾಸ್ಕಸ್ ಮಾಯ. ನಿಜವಾದ ಪದರದ ಉಕ್ಕಾದರೆ ಉಜ್ಜಿದ ಮೇಲೂ ಆಸಿಡ್ ಮುಟ್ಟಿಸಿದಾಗ ಗೆರೆ ಮರಳಿ ಬರುತ್ತೆ, ಬೆನ್ನಿನ ಮೇಲೂ ಮುಂದುವರೆದಿರುತ್ತೆ.

ಬೇಜಾರು ಆಗೋದು ಯಾಕೆ ಅಂದರೆ, ಆ ಹೆಸರಿನ ಹಿಂದೆ ಇರುವ ಅಸಲಿ ವಸ್ತು ನಮ್ಮ ಕಡೆಯದು. ಡಮಾಸ್ಕಸ್ ಕತ್ತಿಗಳಿಗೆ ಹೆಸರು ತಂದ ಉಕ್ಕಿನ ಗಟ್ಟಿಗಳು ಹೋಗಿದ್ದು ದಕ್ಷಿಣ ಭಾರತದಿಂದ. ಇಂಗ್ಲಿಷಿನವರು ಅದನ್ನು "ವೂಟ್ಜ್" ಅಂದರು. ಆ ಪದದ ಮೂಲ ನಮ್ಮ "ಉಕ್ಕು" ಅನ್ನೋದು ಬಹಳ ವಿದ್ವಾಂಸರು ಒಪ್ಪಿರುವ ಮಾತು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದರು. 1820ರ ಹೊತ್ತಿಗೆ ಮೈಕೆಲ್ ಫ್ಯಾರಡೆ, ನಮ್ಮ ಎಲೆಕ್ಟ್ರಿಕಲ್ ವಿಭಾಗದವರು ದಿನಾ ನೆನೆಯುವ ಅದೇ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಅನ್ನೋ ಚಾಕು ತಯಾರಕನ ಜತೆ ಸೇರಿ ಇದರ ಗುಟ್ಟು ಹುಡುಕುತ್ತಿದ್ದರು.

ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಮಧುಗಿರಿ ಕಡೆ ಕಬ್ಬಿಣ ಕರಗಿಸುವುದನ್ನು ಬರೆದಿಟ್ಟಿದ್ದಾನೆ. ಗೌರಿಬಿದನೂರಿನ ನಮ್ಮ ಗೆಳೆಯರಿಗೆ ಅದು ಪಕ್ಕದ ತಾಲ್ಲೂಕು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅವನು ಕಂಡಿದ್ದ. ಉಕ್ಕು ಮಾಡುವವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಗಂಟೆಗಟ್ಟಲೆ ಊದುತ್ತಿದ್ದರು. ಕಡ್ಡಿ ಇದ್ದಿಲಾಗಿ ಇಂಗಾಲ ಒಳಗೆ ಸೇರಿ ಶೇ. 1.5ರ ಆಸುಪಾಸಿಗೆ ಬರುತ್ತಿತ್ತು. ಹೆಚ್ಚು ಕಡಿಮೆ ಡಿ2ನಷ್ಟೇ. ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವರ್‌ಹೂವನ್ ಮತ್ತು ಪೆಂಡ್ರೆ ಹಳೆ ಅಲಗುಗಳನ್ನು ಪರೀಕ್ಷಿಸಿ, ಅಲೆ ಗೆರೆ ಮೂಡಲು ಅದಿರಿನಲ್ಲಿ ಬಂದ ವನೇಡಿಯಂ ಥರದ ಅಂಶಗಳು ಕಾರಣ, ಶೇ. 0.01ಕ್ಕಿಂತ ಕಡಿಮೆ ಇದ್ದರೂ ಸಾಕು ಅಂತ ತೋರಿಸಿದರು. ಇವತ್ತು ಶೇ. 4 ವನೇಡಿಯಂ ಅಂತ ಬೆಲೆ ಏರಿಸಿ ಮಾರುವ ಉಕ್ಕಿಗೆ ತಂಗಡಿ ಕಡ್ಡಿಯ ಮೂಸೆ ದೂರದ ಅಜ್ಜಿ ಆಗಬೇಕು.

ಮುದ್ದೇನಹಳ್ಳಿ ನಮ್ಮ ಪಕ್ಕದಲ್ಲೇ ಇರೋದರಿಂದ ಒಂದು ಮಾತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಮಾಡಲು ಶುರು ಮಾಡಿದಾಗ ಊದುಕುಲುಮೆಗೆ ಹಾಕುತ್ತಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಸಂಜೆ ಬಸ್ಸಿಗೆ ಕಾಯುವಾಗ ಯೋಚಿಸೋಕೆ ಒಳ್ಳೆ ವಿಷಯ, ಚಾಕುವಿಗೆ ವಾಪಸ್ ಬರೋಣ.

ಮೂರು ಸಾವಿರ ಹಂಚುವ ಬಗೆ

ಮೂರು ಸಾವಿರ ಇದೆ ಅಂತಿಟ್ಟುಕೊಳ್ಳಿ. ಎರಡು ಸಾವಿರದ ಸುತ್ತಮುತ್ತ ಚಾಕು, ಉಳಿದದ್ದು ಸಾಣೆಗೆ. ಒಂದು ಕಡೆ 400, ಇನ್ನೊಂದು ಕಡೆ 1000 ಗ್ರಿಟ್ ಇರುವ ಕಲ್ಲು ಅಥವಾ ವಜ್ರದ ಪ್ಲೇಟ್, ಹಳೆ ಬೆಲ್ಟಿನ ಚರ್ಮದ ತುಂಡು, ಸ್ವಲ್ಪ ಪಾಲಿಶಿಂಗ್ ಪೇಸ್ಟು. ಬೆಲ್ಟು ಪುಕ್ಕಟೆ.

ಕೋನ ಹಿಡಿಯೋದು ಕಷ್ಟ ಅನ್ನೋರಿಗೆ ತ್ರಿಕೋನಮಿತಿ ಇದೆ. ಅಲಗಿನ ಅಗಲ 20 ಮಿ.ಮೀ. ಇದ್ದರೆ, 17 ಡಿಗ್ರಿಗೆ ಅದರ ಬೆನ್ನು ಕಲ್ಲಿನಿಂದ 20 × 0.292, ಅಂದರೆ 5.8 ಮಿ.ಮೀ. ಎತ್ತರದಲ್ಲಿರಬೇಕು. ಸಾಮಾನ್ಯ ಪೆನ್ಸಿಲ್ ದಪ್ಪ ಸುಮಾರು 7 ಮಿ.ಮೀ., ಅದು 20 ಡಿಗ್ರಿ ಕೊಡುತ್ತೆ. ಬೆನ್ನಿನ ಕೆಳಗೆ ಪೆನ್ಸಿಲ್ ಇಟ್ಟು ಎತ್ತರ ಕಣ್ಣಿಗೆ ಕೂರಿಸಿಕೊಳ್ಳಿ, ಆಮೇಲೆ ಅದಕ್ಕಿಂತ ಒಂದು ಕೂದಲು ಕೆಳಗೆ ಹಿಡಿಯಿರಿ. ಬಾಯಿಗೆ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಹಚ್ಚಿ ಎರಡು ಸಲ ಎಳೆದರೆ ಕಲ್ಲು ಎಲ್ಲಿ ತಾಗುತ್ತಿದೆ ಅಂತ ಕಾಣುತ್ತೆ. ಒಂದು ಕಡೆ ಉಜ್ಜಿ, ಇನ್ನೊಂದು ಕಡೆ ಬೆರಳಿಗೆ ಸಣ್ಣ ತರಿ ಸಿಗುವವರೆಗೆ ಮಗ್ಗಲು ಬದಲಿಸಬೇಡಿ. ಹೆಚ್ಚಿನವರು ಸೋಲೋದು ಇಲ್ಲೇ, ತರಿ ಏಳುವ ಮೊದಲೇ ಮಗುಚುತ್ತಾರೆ.

ಬೀಗದ ವಿಷಯ ಚಿಕ್ಕದು. ವಿಕ್ಟೋರಿನಾಕ್ಸ್ ಥರದ ಸ್ಪ್ರಿಂಗ್ ಮಾತ್ರ ಇರುವ ಚಾಕುವನ್ನು ಚುಚ್ಚುವ ಕೆಲಸಕ್ಕೆ ಬಳಸಬೇಡಿ, ಬೆರಳ ಮೇಲೆ ಮಡಚಿಕೊಳ್ಳುತ್ತೆ. ಯಾವ ಚಾಕುವಿನಲ್ಲೂ ಡಬ್ಬಿ ಮುಚ್ಚಳ ಮೀಟಬೇಡಿ. ಹಲಸಿನ ಕಾಯಿಗೆ ಮುಂಚೆ ಅಲಗಿಗೆ ಎಣ್ಣೆ ಸವರಿ, ಅಂಟು ಕೀಲಿನೊಳಗೆ ಹೋದರೆ ಬಿಚ್ಚಿ ತೊಳೆಯೋದೇ ಗತಿ.

ಕಾನೂನು ಕೇಳೋರಿಗೆ: 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಯಲ್ಲಿ ಹೆಸರಿಸೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳನ್ನು, ಅದೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆ ಮಾಡಿದವನ್ನು ಬಿಟ್ಟು. ನಾವು ಹೇಳುತ್ತಿರುವ ಮೂರು, ಮೂರೂವರೆ ಇಂಚಿನ ಚಾಕು ಆ ಅಳತೆಗೆ ಬರಲ್ಲ. ಹಾಗಂತ ಪರೀಕ್ಷಾ ಕೊಠಡಿಗೋ, ಕಾಲೇಜು ಹಬ್ಬದ ಗಲಾಟೆಗೋ ಜೇಬಿನಲ್ಲಿಟ್ಟುಕೊಂಡು ಹೋಗಿ ಸೂತ್ರ ಹೇಳಿದರೆ ಯಾರೂ ಕೇಳಲ್ಲ. ಹಾಸ್ಟೆಲ್ ವಾರ್ಡನ್ನರ ನಿಯಮ ಬೇರೆ, ಅದನ್ನು ಮೊದಲೇ ಕೇಳಿಕೊಳ್ಳಿ. ದೇವನಹಳ್ಳಿಯಿಂದ ವಿಮಾನ ಹತ್ತುವ ದಿನ ಚಾಕು ಚೆಕ್-ಇನ್ ಲಗೇಜಿನಲ್ಲಿರಲಿ. ಕೈಚೀಲದಲ್ಲಿ ಮರೆತರೆ ಭದ್ರತೆಯವರ ಡಬ್ಬಕ್ಕೆ ಬೀಳುತ್ತೆ, ಅದು 14ಸಿ28ಎನ್ ಆಗಿರಲಿ, ಲಾರಿಯ ಕಮಾನು ಪಟ್ಟಿ ಆಗಿರಲಿ.